ಜಂಬೂ ಸವಾರಿ ನೋಡುವಾಗ ಆ ಬ್ಯಾನರ್ ಓದಿ

ಇವತ್ತಿನ ಮಾತು ಟೀವಿಯಲ್ಲಿ ನೇರವಾಗಿ ಬರುವ ಮೈಸೂರು ದಸರಾ ಮೆರವಣಿಗೆ ಬಗ್ಗೆ. ಆನೆ, ಅಂಬಾರಿ ಬಗ್ಗೆ ಅಲ್ಲ. ಅವುಗಳ ಮುಂದೆ ಕುಣಿಯುತ್ತಾ ಸಾಗೋ ಕಲಾತಂಡಗಳ ಬಗ್ಗೆ.

ವಿಜಯದಶಮಿ ದಿನ ಅರೆಕೆರೆಯ ನಮ್ಮ ಮನೆಯಲ್ಲಿ ಇದನ್ನ ತಪ್ಪದೆ ನೋಡ್ತೀವಿ. ಅರಮನೆಯ ಬಲರಾಮ ದ್ವಾರದಲ್ಲಿ ಮುಖ್ಯಮಂತ್ರಿ ನಂದಿಧ್ವಜಕ್ಕೆ ಪೂಜೆ ಮಾಡ್ತಾರೆ, ಮೆರವಣಿಗೆ ಹೊರಡುತ್ತೆ. ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ದಾರಿ. 750 ಕೆ.ಜಿ. ತೂಕದ ಅಂಬಾರಿ ಹೊತ್ತ ಆನೆ ಬರುವ ಹೊತ್ತಿಗೆ ಡೊಳ್ಳು, ವೀರಗಾಸೆ, ಕಂಸಾಳೆ, ಪೂಜಾ ಕುಣಿತ, ಗೊರವರ ಕುಣಿತ ಎಲ್ಲಾ ಮುಂದೆ ಹೋಗಿರುತ್ತೆ. ತೆರೆ ಮೇಲೆ ಒಂದೊಂದು ತಂಡಕ್ಕೆ ಸಿಗೋದು ಒಂದು ರೀಲ್‌ನಷ್ಟು ಸಮಯ.

ಅಷ್ಟರಲ್ಲಿ ನಮಗೆ ಕಾಣೋದು ಕುಣಿತ ಮಾತ್ರ. ಕಥೆ ಕಾಣೋದಿಲ್ಲ.

ವೀರಗಾಸೆಯನ್ನೇ ತಗೊಳ್ಳಿ. ಕೈಯಲ್ಲಿ ಕತ್ತಿ, ಎದುರಿಗೆ ವಾದ್ಯ, ಬಿರುಸಿನ ಹೆಜ್ಜೆ. ಅದರ ಒಳಗಿರೋದು ದಕ್ಷಯಜ್ಞ. ದಕ್ಷ ಯಾಗ ಮಾಡ್ತಾನೆ, ಅಳಿಯ ಶಿವನನ್ನ ಕರೆಯಲ್ಲ. ಕರೆಯದಿದ್ದರೂ ತವರಿಗೆ ಹೋದ ಮಗಳು ಅವಮಾನ ತಾಳಲಾರದೆ ಅಲ್ಲೇ ಪ್ರಾಣ ಬಿಡ್ತಾಳೆ. ಶಿವನ ಸಿಟ್ಟಿನಿಂದ ವೀರಭದ್ರ ಹುಟ್ಟಿ ಬಂದು ಯಾಗವನ್ನ ಧ್ವಂಸ ಮಾಡ್ತಾನೆ. ಕುಣಿತದ ಮಧ್ಯೆ ವಾದ್ಯ ನಿಲ್ಲಿಸಿ, ಒಬ್ಬರು ಗಟ್ಟಿ ದನಿಯಲ್ಲಿ ಈ ಕಥೆ ಹೇಳ್ತಾರೆ. ಅದಕ್ಕೆ ಒಡಪು ಅಂತಾರೆ. ಮೆರವಣಿಗೆಯ ಗದ್ದಲದಲ್ಲಿ ಒಡಪು ಯಾರಿಗೆ ಕೇಳಿಸುತ್ತೆ?

ಕಂಸಾಳೆಯೂ ಹಾಗೇ. ಕಂಚಿನ ತಾಳವನ್ನ ಮೈಸುತ್ತ ಬೀಸೋದನ್ನ ನೋಡಿ ವಾವ್ ಅಂತೀವಿ. ಆದರೆ ಅದೇ ತಾಳ ಹಿಡಿದು ಕಂಸಾಳೆಯವರು ಮಲೆ ಮಹದೇಶ್ವರನ ಕಾವ್ಯವನ್ನ ರಾತ್ರಿಯಿಡೀ ಹಾಡಬಲ್ಲರು. ಮಾತು, ಹಾಡು, ಕಥೆ ಎಲ್ಲಾ ಇರೋ ಇದು ನಮ್ಮ ಸಂಗೀತ ನಾಟಕವೇ.

ನ್ಯೂಯಾರ್ಕ್‌ನಲ್ಲೂ ಒಂದು ಹಬ್ಬದ ಮೆರವಣಿಗೆ ಇದೆ. ಮೇಸೀಸ್ ಅನ್ನೋ ದೊಡ್ಡ ಅಂಗಡಿ 1924ರಲ್ಲಿ ಶುರು ಮಾಡಿದ್ದು. ಅಲ್ಲಿ ಬ್ರಾಡ್‌ವೇ ಸಂಗೀತ ನಾಟಕದ ತಂಡಗಳು ಅಂಗಡಿ ಮುಂದೆ ನಿಂತು ಟೀವಿಗೋಸ್ಕರವೇ ಒಂದು ಹಾಡು ಆಡಿ ತೋರಿಸ್ತವೆ. ನಾಟಕದ ಹೆಸರು ಹೇಳ್ತಾರೆ. ಇಷ್ಟ ಆಯ್ತಾ, ಟಿಕೆಟ್ ತಗೊಂಡು ಪೂರ್ತಿ ನೋಡಬಹುದು. ಅಂದ್ರೆ ಮೆರವಣಿಗೆ ಒಂದು ಟ್ರೇಲರ್, ಸಿನಿಮಾ ಬೇರೆ ಕಡೆ ಇದೆ.

ನಮ್ಮದೂ ಟ್ರೇಲರೇ. ಆದರೆ ಸಿನಿಮಾ ಎಲ್ಲಿದೆ ಅಂತ ನಾವು ಕೇಳೋದೇ ಇಲ್ಲ. ಮದುವೆಗೋ ಸಮಾರಂಭಕ್ಕೋ ಜಾನಪದ ತಂಡ ಕರೆಸಿದ್ರೂ ಅತಿಥಿಗಳ ಮುಂದೆ ಗೇಟಿಂದ ವೇದಿಕೆವರೆಗೆ ನಡೆಸಿ ಕಳಿಸಿಬಿಡ್ತೀವಿ. ಕೇಳುವವರೇ ಇಲ್ಲದಿದ್ರೆ ಮುಂದಿನ ತಲೆಮಾರಿನ ಕಲಾವಿದ ಒಡಪು ಯಾಕೆ ಕಲಿಯಬೇಕು? ಹೆಜ್ಜೆ ಉಳಿಯುತ್ತೆ, ಕಥೆ ಹೋಗುತ್ತೆ.

ಅದಕ್ಕೆ ಮೂರು ಕೆಲಸ ಹೇಳ್ತೀನಿ. ಒಂದು, ಎಷ್ಟೋ ತಂಡಗಳ ಮುಂದೆ ಊರು, ಹೆಸರು ಬರೆದ ಬ್ಯಾನರ್ ಹಿಡಿದಿರ್ತಾರೆ. ಫೋನಲ್ಲಿ ನೋಡ್ತಿದ್ರೆ ಅದರ ಸ್ಕ್ರೀನ್‌ಶಾಟ್ ತೆಗೀರಿ. ಎರಡು, ನಿಮ್ಮ ಕಾಲೇಜು ಫೆಸ್ಟ್‌ಗೋ ಅಪಾರ್ಟ್‌ಮೆಂಟ್ ರಾಜ್ಯೋತ್ಸವಕ್ಕೋ ಆ ತಂಡವನ್ನ ಕರೀರಿ. ಸರಿಯಾದ ಸಂಭಾವನೆ ಕೊಡಿ, ಒಳ್ಳೆ ಮೈಕ್ ಕೊಡಿ, ಒಂದು ಗಂಟೆ ವೇದಿಕೆ ಬಿಟ್ಟುಕೊಡಿ. ಮೂರು, ಮೈಸೂರಿಗೆ ಹೋಗುವಾಗ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋಗಿ ಬನ್ನಿ. ಹಳೆ ಹೆದ್ದಾರಿಯಲ್ಲಿ ಸಿಗುತ್ತೆ.

ಮುಂದಿನ ದಸರಾದಲ್ಲಿ ಅಂಬಾರಿ ಬರೋವರೆಗೆ ಕಾಯ್ತಾ ಕೂರಬೇಡಿ. ನಮ್ಮ ಹಬ್ಬ ಅಷ್ಟರಲ್ಲಿ ಅರ್ಧ ಮುಗಿದಿರುತ್ತೆ.