ಎದೆಯ ಮೇಲಿನ ಲಿಂಗ, ಕೈಯಲ್ಲಿನ ಮೈಕು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಶಿವಾನುಭವದಲ್ಲಿ ಆಟದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ನಾನು ಮೂವತ್ತು ವರ್ಷ ಕಾಲೇಜಿನ ಮೈದಾನದಲ್ಲಿ ಸೀಟಿ ಊದಿದವನು. ಮೈಕು ಕೈಗೆ ಸಿಕ್ಕರೆ ವೀಕ್ಷಕ ವಿವರಣೆಯನ್ನೂ ಹೇಳುತ್ತಿದ್ದೆ. ಕಳೆದ ತಿಂಗಳ ಸಭೆಯಲ್ಲಿ ಒಂದು ಸಲಹೆ ಬಂತು. ನಮ್ಮ ಸಮಾಜದ ಕಾಲೇಜುಗಳಿಗೆ ಮಾತ್ರ ಒಂದು ಪಂದ್ಯಾವಳಿ ನಡೆಯಬೇಕು, ಕಬಡ್ಡಿ, ವಾಲಿಬಾಲ್, ಬಾಸ್ಕೆಟ್‌ಬಾಲ್ ಮೂರೂ ಇರಬೇಕು, ಯೂಟ್ಯೂಬಿನಲ್ಲಿ ನೇರಪ್ರಸಾರ ಆಗಬೇಕು, ಅಂಕ ಬಂದಾಗಲೆಲ್ಲ ಜಯಕಾರ ಹಾಕುವ ನಮ್ಮವನೇ ಮೈಕು ಹಿಡಿಯಬೇಕು ಎಂದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಅದು ಬೇಡ ಎಂದು ಹೇಳಲು ಅಪ್ಪಗಳ ಅಪ್ಪಣೆ ಕೇಳಿದೆ. ಕೊಟ್ಟಿದ್ದಾರೆ.

ಆ ಸಲಹೆ ಸುಮ್ಮನೆ ಹುಟ್ಟಲಿಲ್ಲ, ಅದರ ಹಿಂದೆ ಒಂದು ನೋವಿದೆ. ಒಂದು ಅಂತರ ಕಾಲೇಜು ಕಬಡ್ಡಿ ಪಂದ್ಯ. ಕಾಲೇಜುಗಳ ಹೆಸರು ಬೇಡ. ಆಟಕ್ಕಿಳಿಯುವ ಮುನ್ನ ರೆಫರಿ ಎಲ್ಲರ ಉಗುರು, ಮೈ ನೋಡುತ್ತಾರೆ. ಉಗುರು ಕತ್ತರಿಸಿರಬೇಕು, ಎಣ್ಣೆ ಹಚ್ಚಿರಬಾರದು, ಆಭರಣ ಇರಬಾರದು. ಒಬ್ಬ ಹುಡುಗನ ಕೊರಳಲ್ಲಿ ಶಿವದಾರ, ಬೆಳ್ಳಿಯ ಕರಡಿಗೆ. ತೆಗೆ ಎಂದರು. ಹುಡುಗ ತಡೆದ. ಅಷ್ಟರಲ್ಲಿ ಮೈಕಿನವನು, "ಏ ತಮ್ಮಾ, ದೇವರನ್ನ ದಂಡಿಗಿಟ್ಟು ಬಾರಪಾ, ಅಲ್ಲಿ ನಿನ್ನ ಕಾಲು ಹಿಡಿದ್ರ ಆಂವ ಬಿಡಸಾಕ ಬರಂಗಿಲ್ಲ" ಅಂದ. ಜನ ನಕ್ಕರು. ಅದು ಲೈವ್ ಇತ್ತು. ಸಂಜೆಯೊಳಗೆ ಆ ಅರ್ಧ ನಿಮಿಷದ ತುಣುಕು ಮೂರೂ ಊರಿನ ಫೋನುಗಳಲ್ಲಿ ಓಡಾಡಿತು. ಕೆಳಗೆ ಜನ ಬರೆದದ್ದನ್ನು ಈ ಸನ್ನಿಧಿಯಲ್ಲಿ ಹೇಳುವ ಹಾಗಿಲ್ಲ.

ಆ ತುಣುಕಿನಲ್ಲಿ ಕಾಣದ ಒಂದು ಸಂಗತಿ ಇದೆ, ನಾನು ಪಕ್ಕದಲ್ಲೇ ಇದ್ದೆ. ಹುಡುಗ ಲಿಂಗ ತೆಗೆದು ಯಾರಿಗೆ ಕೊಡುವುದೆಂದು ತಿಳಿಯದೆ ನಿಂತಿದ್ದ. ಅಂಕ ಬರೆಯುವ ಮೇಜಿನವನು, ಎದುರು ತಂಡದ ಊರಿನವನು, ಎದ್ದು ತನ್ನ ಕರವಸ್ತ್ರ ಹಾಸಿದ. ಮೇಜಿನ ಮೇಲಿದ್ದ ಚಹಾದ ಕಪ್ಪುಗಳನ್ನು ಕೆಳಗಿಟ್ಟ. ಎರಡೂ ಕೈ ಒಡ್ಡಿ ತೆಗೆದುಕೊಂಡ. ಇಪ್ಪತ್ತು ನಿಮಿಷದ ಎರಡು ಅವಧಿ ಮುಗಿಯುವ ತನಕ ಆ ಮೇಜಿನ ಮೇಲೆ ಅಂಕದ ಹಾಳೆ ಮತ್ತು ಆ ಕರವಸ್ತ್ರ, ಎರಡೇ.

ಇದು ಹೊಸದೇನಲ್ಲ. ನಾನು ಸಣ್ಣವನಿದ್ದಾಗ ನಮ್ಮೂರ ಗರಡಿಯಲ್ಲಿ ಪೈಲ್ವಾನರು ಮಣ್ಣಿಗೆ ಇಳಿಯುವ ಮೊದಲು ಲಿಂಗವಸ್ತ್ರವನ್ನು ಹಣಮಪ್ಪನ ಚಿತ್ರದ ಪಕ್ಕದ ಮಾಡದಲ್ಲಿ ಇಡುತ್ತಿದ್ದರು. ವಸ್ತಾದಿ ಸಾಬರು ಆ ಮಾಡದ ಕಡೆ ಕಾಲು ಚಾಚಿ ಕೂಡಲು ಯಾರನ್ನೂ ಬಿಡುತ್ತಿರಲಿಲ್ಲ.

ಈಗ ನಮ್ಮ ಮೂರು ಊರುಗಳ ಮಾತು. ರೈಲಿನಲ್ಲಿ ಹಾವೇರಿ ಬಿಟ್ಟರೆ ಬ್ಯಾಡಗಿ, ದೇವರಗುಡ್ಡ, ಆಮೇಲೆ ರಾಣೆಬೆನ್ನೂರು. ಇಷ್ಟು ಹತ್ತಿರ ಇದ್ದವರ ನಡುವೆ ಜಿದ್ದು ಇಲ್ಲದಿದ್ದರೆ ಆಟಕ್ಕೆ ರುಚಿಯೇ ಇಲ್ಲ. ಬ್ಯಾಡಗಿ ತಂಡ ಬಂದರೆ, "ಬಣ್ಣ ಐತಿ, ಖಾರ ಇಲ್ಲ" ಎಂದು ಕೂಗುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿ ಗುಣವೇ ಅದು, 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದೂ ಆ ಗುಣಕ್ಕೇ, ಆದರೂ ಹುಡುಗರಿಗೆ ಸಿಟ್ಟು ಬರುತ್ತಿತ್ತು. ರಾಣೆಬೆನ್ನೂರಿನವರು ಸೋತರೆ, "ಚಿಗರಿ ಅಡವಿಗೆ ಓಡ್ತಲೇ" ಅನ್ನುವರು, ಅಲ್ಲಿ ಕೃಷ್ಣಮೃಗದ ಅಭಯಾರಣ್ಯ ಇದೆಯಲ್ಲ. ಹಾವೇರಿಯವರಿಗೆ ಏಲಕ್ಕಿ ಮಾಲೆಯ ಕುಚೋದ್ಯ, ವಾಸನೆ ಅಷ್ಟೇ ಎಂದು. ಮೈಕಿನಲ್ಲಿ ಇವನ್ನೆಲ್ಲ ನಾನೇ ಎಷ್ಟೋ ಸಲ ಹೇಳಿದ್ದೇನೆ. ಪಂದ್ಯ ಮುಗಿದ ಮೇಲೆ ಮೂರೂ ಊರಿನವರು ಒಂದೇ ಗಾಡಿಯ ಮುಂದೆ ನಿಂತು ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದರು. ಈಗೀಗ ಕೇಳುವ ಕೂಗು ಬೇರೆ. ಅದು ಯಾರ ಮಠದ ಕಾಲೇಜು, ಇದು ಯಾವ ಜನರ ಕಾಲೇಜು ಎಂಬ ಮಾತು. ಮೆಣಸಿನಕಾಯಿ ಕುಚೋದ್ಯಕ್ಕೆ ಉತ್ತರ ಕೊಡಬಹುದು. ಜಾತಿಯ ಕೂಗಿಗೆ ಇಪ್ಪತ್ತು ವರ್ಷದ ಹುಡುಗ ಏನು ಉತ್ತರ ಕೊಡಬೇಕು?

ನಮ್ಮ ಕಾಲೇಜುಗಳ ಅಂಗಳದಲ್ಲಿ ಆಡುವ ಎರಡು ಆಟ ಎಲ್ಲಿಂದ ಬಂದವು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಬಾಸ್ಕೆಟ್‌ಬಾಲನ್ನು 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಕಟ್ಟಿದವರು ಜೇಮ್ಸ್ ನೈಸ್ಮಿತ್. ದೇವತಾಶಾಸ್ತ್ರ ಓದಿದವರು. ಅವರು ಕಲಿಸುತ್ತಿದ್ದದ್ದು ವೈ.ಎಂ.ಸಿ.ಎ. ಎಂಬ ಕ್ರೈಸ್ತ ತರುಣರ ಸಂಘದ ಶಾಲೆಯಲ್ಲಿ. ವಾಲಿಬಾಲ್ ಕೂಡ ಅದೇ ಸಂಘದ ವಿಲಿಯಂ ಮಾರ್ಗನ್ 1895ರಲ್ಲಿ ಮಾಡಿದ್ದು. ನಮ್ಮ ದೇಶದಲ್ಲಿ ದೈಹಿಕ ಶಿಕ್ಷಕರನ್ನು ತಯಾರು ಮಾಡಲು 1920ರಲ್ಲಿ ಮದ್ರಾಸಿನಲ್ಲಿ ಕಾಲೇಜು ತೆರೆದದ್ದೂ ಅವರೇ, ಹ್ಯಾರಿ ಕ್ರೋ ಬಕ್ ಎಂಬುವರು. ಅಂದರೆ ಈ ಆಟಗಳು ಒಂದು ಥರದಲ್ಲಿ ಅವರ ಮಠದಿಂದ ಬಂದವು. ಆದರೂ ಚೆಂಡಿನ ಜೊತೆ ಯಾರೂ ನಮಗೆ ಪ್ರಾರ್ಥನೆ ಕಟ್ಟಿ ಕಳಿಸಲಿಲ್ಲ. ನಾನು ಲಿಂಗಧಾರಿಯಾಗಿಯೇ ಮೂವತ್ತು ವರ್ಷ ಆ ಚೆಂಡು ಕಲಿಸಿದೆ.

ಹಾಗೆಂದು ಆಟದಲ್ಲಿ ಧರ್ಮಕ್ಕೆ ಜಾಗವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಾಸ್ಕೆಟ್‌ಬಾಲಿನಲ್ಲೇ ನಮ್ಮ ದೇಶದವರಿಗೆ ಆದದ್ದನ್ನು ಕೇಳಿ. 2014ರಲ್ಲಿ ಚೀನಾದ ವುಹಾನ್‌ನಲ್ಲಿ ಏಷ್ಯಾ ಕಪ್. ಭಾರತ ತಂಡದ ಅಮ್ಜ್ಯೋತ್ ಸಿಂಗ್, ಅಮೃತಪಾಲ್ ಸಿಂಗ್ ಇಬ್ಬರೂ ಸಿಖ್ಖರು. ಪಗಡಿ ತೆಗೆದರೆ ಮಾತ್ರ ಆಟ ಎಂದರು ಅಧಿಕಾರಿಗಳು. ಅದೇ ವರ್ಷ ಇಂಚಿಯಾನ್ ಏಷ್ಯಾಡಿನಲ್ಲಿ ಕತಾರ್‌ನ ಹೆಣ್ಣುಮಕ್ಕಳ ತಂಡ ತಲೆವಸ್ತ್ರ ತೆಗೆಯಲು ಒಪ್ಪದೆ ಪಂದ್ಯವನ್ನೇ ಬಿಟ್ಟುಕೊಟ್ಟಿತು. ಮುಂದೆ ಅರ್ಜಿ, ಮಾತುಕತೆ, ಪ್ರಯೋಗ ಎಲ್ಲ ನಡೆದು 2017ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ನಿಯಮ ತಿದ್ದಿತು. ಆ ವರ್ಷ ಅಕ್ಟೋಬರ್ 1ರಿಂದ ತಲೆವಸ್ತ್ರಕ್ಕೆ ಒಪ್ಪಿಗೆ. ಷರತ್ತುಗಳಿವೆ: ಬಣ್ಣ ಇಂಥದ್ದೇ ಇರಬೇಕು, ತುದಿ ಹೊರಚಾಚಿರಬಾರದು, ಹಾಕಿಕೊಂಡವರಿಗೂ ಎದುರಿನವರಿಗೂ ಪೆಟ್ಟಾಗಬಾರದು. ಮೂರು ವರ್ಷ ಹಿಡಿಯಿತು. ಯಾರೂ ಪ್ರತ್ಯೇಕ ಸಿಖ್ ಕಪ್ ಮಾಡಲಿಲ್ಲ.

ಅಮೆರಿಕದಲ್ಲಿ ಬ್ರಿಗಮ್ ಯಂಗ್ ಎಂಬ ವಿಶ್ವವಿದ್ಯಾಲಯ ಇದೆ, ಮಾರ್ಮನ್ ಪಂಥದವರದ್ದು. ಅವರು ಭಾನುವಾರ ಆಡುವುದಿಲ್ಲ. ಅಲ್ಲಿಯ ಕಾಲೇಜು ಬಾಸ್ಕೆಟ್‌ಬಾಲ್ ಎಂದರೆ ನಮ್ಮಲ್ಲಿ ಐಪಿಎಲ್ ಇದ್ದಂತೆ. ಮಾರ್ಚಿನಲ್ಲಿ ರಾಷ್ಟ್ರೀಯ ಪಂದ್ಯಾವಳಿ, ಟಿವಿಗೆ ಕೋಟಿ ಕೋಟಿ ಹಣ. ಆದರೂ ಆ ಒಂದು ಕಾಲೇಜಿನ ವ್ರತ ಕೆಡದ ಹಾಗೆ ವೇಳಾಪಟ್ಟಿ ಹೊಂದಿಸುತ್ತಾರೆ. ಅದೇ ತಂಡ 2025ರ ಫೆಬ್ರುವರಿಯಲ್ಲಿ ಅರಿಜೋನಾಕ್ಕೆ ಹೋಗಿ 96-95ರಲ್ಲಿ, ಒಂದೇ ಅಂಕದಿಂದ, ಗೆದ್ದಿತು. ಆಗ ಪ್ರೇಕ್ಷಕರ ಒಂದು ಗುಂಪು ಮಾರ್ಮನ್ನರ ಧರ್ಮ ಹಿಡಿದು ಹೊಲಸು ಕೂಗು ಹಾಕಿತು. ಅರಿಜೋನಾ ವಿಶ್ವವಿದ್ಯಾಲಯ ಕ್ಷಮೆ ಕೇಳಬೇಕಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಭಾನುವಾರ ಆಡೆನು ಎಂಬುದು ತಾನು ತನಗೆ ಹಾಕಿಕೊಂಡ ಕಟ್ಟು. ಎದುರಿನವನು ಅದರಿಂದ ಏನನ್ನೂ ಕಳೆದುಕೊಳ್ಳುವುದಿಲ್ಲ. ಕೂಗು ಹಾಗಲ್ಲ, ಅದು ಎದುರಿನವನ ಮೇಲೆ ಎಸೆದ ಕಲ್ಲು. ಕಲ್ಲಿನ ಮೇಲೆ ದೇವರ ಹೆಸರು ಬರೆದರೂ ಅದು ಕಲ್ಲೇ. ನಮ್ಮ ದೇಶದಲ್ಲೂ ನೋಡಿದ್ದೇವೆ. 2023ರ ವಿಶ್ವಕಪ್ಪಿನಲ್ಲಿ ಅಹಮದಾಬಾದಿನಲ್ಲಿ ಪಾಕಿಸ್ತಾನದ ರಿಜ್ವಾನ್ ಔಟಾಗಿ ಮರಳುವಾಗ ಜನ ಭಕ್ತಿಯಿಂದ ರಾಮನ ಹೆಸರು ಹೇಳಿದರು ಎಂದು ಯಾರಾದರೂ ನಂಬುತ್ತೀರಾ?

ಮೈಕಿನದಂತೂ ಇನ್ನೂ ದೊಡ್ಡ ಹೊಣೆ. ದೇವರಗುಡ್ಡದ ಕಾರಣಿಕ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಗೊರವಪ್ಪ ಬಿಲ್ಲು ಏರಿ "ಸದ್ದಲೇ" ಎಂದರೆ ಅಷ್ಟು ದೊಡ್ಡ ಜನಸಾಗರ ಉಸಿರು ಹಿಡಿಯುತ್ತದೆ. ಆಮೇಲೆ ಒಂದೇ ಮಾತು. ಅದರಲ್ಲಿ ರೈತ ಮಳೆ ಹುಡುಕುತ್ತಾನೆ, ರಾಜಕಾರಣಿ ಕುರ್ಚಿ ಹುಡುಕುತ್ತಾನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಎತ್ತರದಲ್ಲಿ ನಿಂತು ಆಡಿದ ಒಂದು ಮಾತಿನ ತೂಕವನ್ನಷ್ಟೇ ಹೇಳುತ್ತಿದ್ದೇನೆ. ಮೈಕು ಹಿಡಿದವನೂ ಬಿಲ್ಲು ಏರಿದವನೇ. ಆಸ್ಟ್ರೇಲಿಯಾದ ಡೀನ್ ಜೋನ್ಸ್ ದೊಡ್ಡ ಆಟಗಾರ. 2006ರ ಆಗಸ್ಟ್‌ನಲ್ಲಿ ಕೊಲಂಬೊದಲ್ಲಿ ಕಾಮೆಂಟರಿ ಹೇಳುವಾಗ, ಜಾಹೀರಾತು ಬಂದಿದೆ, ಮೈಕು ಬಂದ್ ಆಗಿದೆ ಎಂದುಕೊಂಡು, ಗಡ್ಡ ಬಿಟ್ಟ ಹಾಶಿಂ ಆಮ್ಲಾ ಕ್ಯಾಚ್ ಹಿಡಿದಾಗ ಭಯೋತ್ಪಾದಕ ಎಂದುಬಿಟ್ಟರು. ದಕ್ಷಿಣ ಆಫ್ರಿಕಾದ ಮನೆಗಳಲ್ಲಿ ಅದು ಕೇಳಿಸಿತು. ಕೆಲಸ ಹೋಯಿತು, ಕ್ಷಮೆಯನ್ನೂ ಕೇಳಿದರು. ಅದೇ ಆಮ್ಲಾ ತಮ್ಮ ಅಂಗಿಯ ಮೇಲೆ ಬಿಯರ್ ಕಂಪನಿಯ ಗುರುತು ಬೇಡ ಎಂದು ಹೇಳಿ ಅದಿಲ್ಲದೆ ಆಡಿದವರು. ಬೇರೆಯವರ ಅಂಗಿಯ ತಂಟೆಗೆ ಹೋಗಲಿಲ್ಲ.

ಈಗ ಸಲಹೆಗೆ ಬರುತ್ತೇನೆ. ನಮ್ಮವನೇ ಮೈಕು ಹಿಡಿದು ಜಯಕಾರ ಹಾಕಲಿ ಎಂದಿರಿ. ಯಾರ ಜಯಕಾರ? ಬಸವಣ್ಣನವರದೋ, ಪಂಚಾಚಾರ್ಯರದೋ? ಯಾರದು ಮೊದಲು? ಮೊದಲ ಅವಧಿ ಮುಗಿಯುವುದರೊಳಗೆ ಈ ಸಭಾಂಗಣವೇ ಎರಡು ಅಂಕಣ ಆಗುತ್ತದೆ, ಅಪ್ಪಗಳೇ ರೆಫರಿ ಆಗಬೇಕಾಗುತ್ತದೆ. (ನಗು) ನಗಬೇಡಿ, ಹೀಗೆ ಆದದ್ದನ್ನು ನೀವೆಲ್ಲ ಕಂಡಿದ್ದೀರಿ. ಇನ್ನೊಂದು ಮಾತು. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ನಾವೆಲ್ಲ ಸಂತೋಷಪಟ್ಟೆವು, ಮೆರವಣಿಗೆ ಮಾಡಿದೆವು. ಇಡೀ ನಾಡಿನ ನಾಯಕ ಎಂದ ಮೇಲೆ ಎದುರು ಅಂಕಣದಲ್ಲಿ ನಿಂತ ಏಳು ಹುಡುಗರಿಗೂ ಅವರು ನಾಯಕರೇ. ಅವರನ್ನು ಔಟ್ ಮಾಡಿದಾಗ ಅವರದೇ ನಾಯಕನ ಹೆಸರನ್ನು ಅವರ ಮುಖಕ್ಕೆ ಕೂಗುವುದು ಯಾವ ನ್ಯಾಯ?

ನಮ್ಮ ಜಿಲ್ಲೆಯ ಅಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನವರ ಕಥೆ ಇದೆ. ಜೈನರೊಡನೆ ಪಂಥ, ತಲೆಯೇ ಪಣ, ಕೊನೆಗೆ ಬಿಜ್ಜಳನಿಂದ ಜಯಪತ್ರ. ಆ ಶರಣರ ಭಕ್ತಿಯನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಆದರೆ ದೇವರೇ ಪಣ ಆದಾಗ ಎದುರಿನವರ ಬಸದಿಯ ಮೂರ್ತಿ ಉಳಿಯಲಿಲ್ಲ ಎಂಬುದನ್ನೂ ಅದೇ ಶಾಸನ ಹೇಳುತ್ತದೆ. ಎಂಟು ನೂರು ವರ್ಷದ ಮೇಲೆ ಒಂದು ಸ್ಟೀಲಿನ ಕಪ್ಪಿಗಾಗಿ ಮತ್ತೆ ಅಂಥ ಪಂಥ ಕಟ್ಟುವ ಅವಶ್ಯಕತೆ ನನಗೆ ಕಾಣುವುದಿಲ್ಲ.

ನನಗೆ ಕಾಡುವುದು ಬೇರೆ. ನನ್ನ ಕಾಲೇಜಿನಲ್ಲಿ ಒಬ್ಬ ಹುಡುಗಿ ಇದ್ದಳು. ಒಳ್ಳೆಯ ಎತ್ತರ, ಎಡಗೈ, ದೂರದಿಂದ ಎಸೆದರೂ ಚೆಂಡು ಬಳೆಯನ್ನು ಮುಟ್ಟದೆ ಬುಟ್ಟಿಗೆ ಬೀಳುತ್ತಿತ್ತು. ವಿಶ್ವವಿದ್ಯಾಲಯ ತಂಡಕ್ಕೆ ಹೋಗಬೇಕಾದವಳು. ಒಂದು ಪಂದ್ಯದಲ್ಲಿ ಗಂಡಸು ರೆಫರಿ, ಎಲ್ಲರ ಎದುರು, ಕೊರಳಲ್ಲಿ ಏನಿದೆ ತೋರಿಸು ಎಂದರು. ಲಿಂಗ ತೆಗೆಸಿದರು. ಮನೆಯಲ್ಲಿ ಅಜ್ಜಿಗೆ ಗೊತ್ತಾಯಿತು. "ಲಿಂಗಾ ತಗದು ಗೆದ್ದ ಕಪ್ಪು ನಮ್ಮ ಮನಿಗೆ ಬ್ಯಾಡ" ಅಂದರು. ಹುಡುಗಿ ಎರಡನೆಯ ವರ್ಷದಲ್ಲಿ ಆಟ ಬಿಟ್ಟಳು. ಅಜ್ಜಿಯನ್ನು ಬೈಯಲು ನನಗೆ ಮನಸ್ಸಿಲ್ಲ, ಲಿಂಗ ಅಂಗವನ್ನು ಅಗಲಬಾರದು ಎಂದು ನಾವೇ ಕಲಿಸಿದ್ದೇವೆ. ರೆಫರಿ ಕೇಳಿದ್ದರಲ್ಲೂ ಅರ್ಥ ಇದೆ. ಕರಡಿಗೆಯ ಬೆಳ್ಳಿ ಅಂಚು ಎದುರಿನ ಹುಡುಗನ ಹುಬ್ಬು ಸೀಳಿದ್ದನ್ನು ನಾನು ಕಂಡಿದ್ದೇನೆ. ಹಿಂದಿನಿಂದ ಹಿಡಿದಾಗ ಶಿವದಾರ ಕೊರಳಿಗೆ ಬಿಗಿದರೆ ಉಸಿರೇ ನಿಲ್ಲಬಹುದು. ಇವೆರಡರ ನಡುವೆ ದಾರಿ ಇಲ್ಲವೇ? ಲಿಂಗವನ್ನು ಕೊರಳಲ್ಲೇ ಕಟ್ಟಬೇಕೆಂಬ ಒಂದೇ ಕಟ್ಟಳೆ ನಮ್ಮಲ್ಲಿಲ್ಲ, ಕಕ್ಷದಲ್ಲಿ, ಉತ್ತಮಾಂಗದಲ್ಲಿ ಧರಿಸುವುದನ್ನೂ ಶರಣರು ಹೇಳಿದ್ದಾರೆ. ಹಾಗಿದ್ದರೆ ವಾಲಿಬಾಲ್, ಬಾಸ್ಕೆಟ್‌ಬಾಲಿನಲ್ಲಿ ಕರಡಿಗೆ ಬಿಟ್ಟು, ದಪ್ಪ ಮೆತ್ತನೆಯ ವಸ್ತ್ರದಲ್ಲಿ ಸುತ್ತಿ, ಅಗಲ ಪಟ್ಟಿಯಿಂದ ತೋಳಿನ ಮೇಲ್ಭಾಗಕ್ಕೆ, ಅಂಗಿಯ ಒಳಗೆ ಕಟ್ಟಬಹುದೇ? ಕಬಡ್ಡಿಯಲ್ಲಿ ಮೈಗೆ ಮೈ ಬೀಳುತ್ತದೆ, ಅಲ್ಲಿ ತೆಗೆಯಲೇಬೇಕು. ತೆಗೆದರೆ ಇಡುವುದು ಎಲ್ಲಿ, ಯಾರ ಕೈಗೆ? ಅಪ್ಪಗಳು ತಾವು ಇದನ್ನು ವಿಚಾರ ಮಾಡಿ ಒಂದು ಮಾತು ಬರೆದುಕೊಟ್ಟರೆ ಸಾಕು. ಅಂಥ ಅಜ್ಜಿಯರಿಗೆ ನನ್ನಂಥ ಮಾಸ್ತರನ ಮಾತು ನಡೆಯುವುದಿಲ್ಲ, ಅಪ್ಪಗಳ ಮಾತು ನಡೆಯುತ್ತದೆ.

ಇದಕ್ಕೆ ಒಂದೂವರೆ ಪುಟದ ಕರಡು ಮಾಡಿದ್ದೇನೆ. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಕೊಡುವ ಅರ್ಜಿ ಅದು. ಪ್ರತಿ ಅಂಕಣದ ಹತ್ತಿರ ಬೀಗವಿರುವ ಒಂದು ಸ್ವಚ್ಛ ಪೆಟ್ಟಿಗೆ ಇರಲಿ, ಲಿಂಗಕ್ಕೆ, ಜನಿವಾರಕ್ಕೆ, ಶಿಲುಬೆಗೆ, ತಾಯತಕ್ಕೆ, ತಾಳಿಗೆ, ಎಲ್ಲಕ್ಕೂ. ಹೆಣ್ಣುಮಕ್ಕಳ ತಪಾಸಣೆಯನ್ನು ಹೆಂಗಸರೇ ಮಾಡಲಿ, ಮರೆಯಲ್ಲಿ. ಮೈಕು ಹಿಡಿದವರು ಆಟಗಾರನ ಹೆಸರು, ಊರು, ಆಟ ಬಿಟ್ಟು ಅವನ ಜಾತಿ, ದೇವರು, ವೇಷದ ಬಗ್ಗೆ ಆಡಬಾರದು, ಹೊಗಳಿಕೆಗೂ ಆಡಬಾರದು. ಪಂದ್ಯಾವಳಿಗೆಂದು ತೆಗೆದಿಟ್ಟ ಹಣದಲ್ಲಿ ಪೆಟ್ಟಿಗೆಗಳನ್ನು ನಾವೇ ಮಾಡಿಸಿಕೊಡಬಹುದು, ಬಡಿಗ ಲೆಕ್ಕ ಕೊಟ್ಟಿದ್ದಾನೆ.

ಕರಡು ಪ್ರಸಾದ ನಿಲಯದ ಪಡಸಾಲೆಯ ಮೇಜಿನ ಮೇಲಿದೆ. ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿ, ಒಪ್ಪಿಗೆಯಾದರೆ ಸಹಿ ಹಾಕಿ. ಮೂರೂ ಊರಿನ ದೈಹಿಕ ಶಿಕ್ಷಕರು ಪ್ರಸಾದಕ್ಕೆ ಮೊದಲು ಐದು ನಿಮಿಷ ನನ್ನನ್ನು ಕಾಣಬೇಕು. ಕಬಡ್ಡಿ ಹುಡುಗರೂ ಬರಲಿ. ಆ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕೆಂದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.