ಸೂಜಿಯಿಂದ ಶುರುಮಾಡೋಣ



ಕಲಬುರಗಿ ಮತ್ತು ಕಮಲಾಪುರದ ಚರ್ಮದ ಕೆಲಸದವರ, ಮಷೀನ್ ಮಿಸ್ತ್ರಿಗಳ ಈ ಸಮಾವೇಶದ ಅಧ್ಯಕ್ಷತೆಯನ್ನು ಒಬ್ಬ ಮಿಸ್ತ್ರಿಗೆ ಕೊಟ್ಟಿದ್ದೀರಿ. ಚಪ್ಪಲಿ ಹೊಲಿಯುವವರ ಸಭೆಗಳು ನಡೆಯುತ್ತವೆ, ಟೇಲರುಗಳಿಗೆ ಸಂಘಗಳಿವೆ. ಅವರ ಯಂತ್ರ ನಿಂತಾಗ ಬಿಚ್ಚಿ ಜೋಡಿಸಿಕೊಡುವವನನ್ನು ವೇದಿಕೆಗೆ ಕರೆದದ್ದನ್ನು ನಾನು ಕಂಡಿರಲಿಲ್ಲ. ಕಲಬುರಗಿಯ ಗಲ್ಲಿಗಳಲ್ಲಿ, ಡಬ್ಬಿ ಅಂಗಡಿಗಳಲ್ಲಿ ಕೂತು ಕಣ್ಣು ಸವೆಸಿದ ಉಸ್ತಾದರೆಲ್ಲರ ಪರವಾಗಿ ಈ ಗೌರವವನ್ನು ಒಪ್ಪಿಕೊಳ್ಳುತ್ತಿದ್ದೇನೆ.

ಕಮಲಾಪುರ ಅಂದರೆ ಹೊರಗಿನವರಿಗೆ ಕೆಂಪು ಬಾಳೆ, ಕಲಬುರಗಿ ಅಂದರೆ ತೊಗರಿ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಸಂತೋಷ. ಆದರೆ ಆ ನೆಲ ಉತ್ತ ಎತ್ತುಗಳ ಮಿಣಿ, ನೊಗದ ಜತ್ತಿಗೆ, ಬಾರುಕೋಲು, ಕಾರಹುಣ್ಣಿಮೆಗೆ ಕೊರಳಿಗೆ ಕಟ್ಟುವ ಗೆಜ್ಜೆಪಟ್ಟಿ, ಉಳುವವನ ಕಾಲಿನ ಕೆರ, ಇವನ್ನು ಮಾಡಿಕೊಟ್ಟ ಕೈಗಳನ್ನು ಬೆಳೆಯ ಹೊಗಳಿಕೆಯಲ್ಲಿ ಯಾರೂ ನೆನೆಯುವುದಿಲ್ಲ. ಕಮಲಾಪುರದಿಂದ ಹುಮನಾಬಾದ್ ದಾರಿ ಹಿಡಿದರೆ ಶರಣರ ಕಲ್ಯಾಣ ದೂರವಿಲ್ಲ. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯನವರ ಸೀಮೆ ಇದು. ಮಾದಾರ ಚೆನ್ನಯ್ಯನ ವಚನಗಳ ಅಂಕಿತದೊಳಗೇ ಕೈಯುಳಿ, ಕತ್ತಿ, ಅಡಿಗೂಟ ಬರುತ್ತವೆ. ಶರಣರ ಕಾಲದಲ್ಲೇ ತಮ್ಮ ಉಪಕರಣವನ್ನು ದೇವರ ಹೆಸರಿನ ಪಕ್ಕದಲ್ಲೇ ಇಟ್ಟವರ ವಾರಸುದಾರರು ನಾವು. ಹಾಗಿರುವಾಗ ನಮ್ಮ ಕಾಲದ ಉಪಕರಣವಾದ ಈ ಹೊಲಿಗೆ ಯಂತ್ರದ ಬಗ್ಗೆ ಅಷ್ಟೇ ಶ್ರದ್ಧೆಯಿಂದ ಮಾತಾಡಬೇಕೆಂದು ನನ್ನ ಆಸೆ. ಅದಕ್ಕೇ ಇವತ್ತು ತಾಂತ್ರಿಕ ವಿಷಯವನ್ನೇ ಜಾಸ್ತಿ ಮಾತಾಡುತ್ತೇನೆ, ಬೇಸರಿಸಬೇಡಿ.

ನಾವು ಪ್ಯಾಚಿಂಗ್ ಮಷೀನ್ ಅಂತ ಕರೆಯುವುದು ಬಹುಪಾಲು ಸಿಂಗರ್ 29ಕೆ, ಇಲ್ಲವೇ ಅದರ ನಕಲು. ಉದ್ದನೆಯ ಸಪೂರ ಕೈ, ಬೂಟಿನ ಒಳಗೆ ಬೆರಳಿನ ತುದಿಯವರೆಗೆ ಹೋಗುತ್ತದೆ. ಮಾಮೂಲಿ ಮಷೀನಿನಲ್ಲಿ ಕೆಳಗಿನ ಹಲ್ಲು ಬಟ್ಟೆಯನ್ನು ದೂಡಿದರೆ ಇದರಲ್ಲಿ ಮೇಲಿನ ಪಾದವೇ ಚರ್ಮವನ್ನು ಹಿಡಿದು ಎಳೆಯುತ್ತದೆ. ಆ ಪಾದ ಸುತ್ತಲೂ ತಿರುಗುವುದರಿಂದ ಚಪ್ಪಲಿಯನ್ನು ಅಲುಗಿಸದೆ ಹೊಲಿಗೆಯ ದಿಕ್ಕನ್ನೇ ಬದಲಿಸಬಹುದು. ಹೆಸರಿನ ಕೊನೆಯ ‘ಕೆ’ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯ ಗುರುತು. ಆ ಕಾರ್ಖಾನೆ 1980ರಲ್ಲೇ ಮುಚ್ಚಿಹೋಯಿತು. ಅದರ ಯಂತ್ರಗಳು ಇನ್ನೂ ನಮ್ಮ ಹೊಟ್ಟೆ ಹೊರೆಯುತ್ತಿವೆ. ಮೈಮೇಲೆ ಕೊರೆದ ಸಂಖ್ಯೆಯನ್ನು ಎಲ್ಲರೂ ಒಮ್ಮೆ ಒರೆಸಿ ನೋಡಿ. ಸಿಂಗರ್ ಯಂತ್ರದ ಸಂಖ್ಯೆಯ ಮುಂದೆ ಅಕ್ಷರವೇ ಇಲ್ಲದಿದ್ದರೆ ಅದು 1900ಕ್ಕಿಂತ ಹಿಂದಿನದು. ಇನ್ನು ಜರ್ಮನಿಯ ಫಾಫ್ ಕಂಪನಿಯ ಚರಿತ್ರೆಯೇ ಚರ್ಮದಿಂದ ಶುರುವಾದದ್ದು. ಗಿಯೋರ್ಗ್ ಮಿಷಾಯೆಲ್ ಫಾಫ್ ಎಂಬ ವಾದ್ಯ ತಯಾರಕ 1862ರಲ್ಲಿ ಕಟ್ಟಿದ ಮೊದಲ ಯಂತ್ರ ಬೂಟಿನ ಚರ್ಮ ಹೊಲಿಯುವಂಥದ್ದು.

ಗಾಂಧೀಜಿಯವರು ಯಂತ್ರಗಳ ಹುಚ್ಚನ್ನು ಎಷ್ಟು ಕಟುವಾಗಿ ವಿರೋಧಿಸಿದರೆಂದು ನಿಮಗೆ ಗೊತ್ತು. ಅದೇ ಗಾಂಧೀಜಿ 1924ರಲ್ಲಿ ಈ ಬಗ್ಗೆ ಕೇಳಿದಾಗ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ದುಡಿಯುವವರ ಕೈ ಕಿತ್ತುಕೊಳ್ಳದೆ ಕೈಯ ನೋವು ಇಳಿಸುವ ಯಂತ್ರ ಅವರಿಗೆ ಬೇಕಿತ್ತು. ಚಪ್ಪಲಿ ಹೊಲಿಯುವುದನ್ನು ಸ್ವತಃ ಕಲಿತಿದ್ದವರು ಅವರು. ದಪ್ಪ ಚರ್ಮಕ್ಕೆ ಕೈಯಲ್ಲಿ ದಾರ ಎಳೆದರೆ ಬೆರಳಿನ ಗಿಣ್ಣು ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗ ರಿಪೇರಿಗೆ ಬರೋಣ. ನಮ್ಮ ಭಾಗದಲ್ಲಿ ಹಳೆಯ ಯಂತ್ರಗಳು ಸವೆದು ಕೆಡುವುದಕ್ಕಿಂತ ಸ್ಕ್ರೂಡ್ರೈವರಿನಿಂದ ಕೆಡುವುದೇ ಹೆಚ್ಚು. ಈ ಮಾತನ್ನು ಪೂರ್ತಿ ಜವಾಬ್ದಾರಿಯಿಂದ ಹೇಳುತ್ತೇನೆ. “ಹೊಲಿಗಿ ಬಿಡ್ತದ್ರೀ, ದಾರ ಕಡೀತದ್ರೀ” ಅಂತ ಗಿರಾಕಿ ಬಂದ ಕೂಡಲೇ ಕೆಳದಾರ ಹೊತ್ತ ಶಟಲ್ಲಿಗೆ ಕೈ ಹಾಕುತ್ತೇವೆ, ಸೂಜಿಗೂ ಶಟಲ್ಲಿಗೂ ಇರುವ ಹೊಂದಾಣಿಕೆಯನ್ನು, ಅಂದರೆ ಟೈಮಿಂಗನ್ನು ಅಲುಗಿಸುತ್ತೇವೆ. ಸರಿಯಿದ್ದ ಟೈಮಿಂಗ್ ತಪ್ಪುತ್ತದೆ, ಮೂಲ ದೋಷ ಇದ್ದಲ್ಲೇ ಇರುತ್ತದೆ. ಈಗ ಒಂದು ಕಾಯಿಲೆ ಎರಡಾಯಿತು. ನಾಡಿ ಹಿಡಿಯದೆ ಯಾವ ವೈದ್ಯನೂ ಕತ್ತಿ ಎತ್ತುವುದಿಲ್ಲ. ನಾವೂ ಸೂಜಿಯಿಂದ ಶುರುಮಾಡಬೇಕು.

ಹೊಸ ಸೂಜಿ ಹಾಕಿ, ಅದೂ ಆ ಯಂತ್ರದ ಸೂಜಿಯನ್ನೇ. 29ಕೆ ಯಂತ್ರಕ್ಕೆ ಚರ್ಮದ ಮೊನೆಯ ಸೂಜಿ ಬೇಕಾದರೆ 29×4 ಎಂಬ ನಮೂನೆ, ಬಟ್ಟೆಯ ಮೊನೆ ಬೇಕಾದರೆ 29×3. ಅಂಗಡಿಯಲ್ಲಿ ಅದು ಸಿಗಲಿಲ್ಲವೆಂದು ಮನೆಯ ಮಷೀನಿನ ಸೂಜಿ ತುರುಕುವವರಿದ್ದಾರೆ. ನಮೂನೆ ಬೇರೆಯಾದರೆ ಉದ್ದ ಬೇರೆ, ಕಣ್ಣು ನಿಲ್ಲುವ ಎತ್ತರ ಬೇರೆ. ಲಾಕ್‌ಸ್ಟಿಚ್ ಹೊಲಿಗೆಯ ಗುಟ್ಟು ಏನು? ಸೂಜಿ ಪೂರ್ತಿ ಕೆಳಗಿಳಿದು ಸುಮಾರು 2 ಮಿಲಿಮೀಟರ್ ಮೇಲೇಳುವಾಗ ಅದರ ಬೆನ್ನಿಗೆ ದಾರದ ಒಂದು ಸಣ್ಣ ಕುಣಿಕೆ ಉಬ್ಬುತ್ತದೆ. ಶಟಲ್ಲಿನ ಮೊನೆ ಅದೇ ಕ್ಷಣಕ್ಕೆ, ಕಣ್ಣಿಗಿಂತ ಕೂದಲೆಳೆ ಮೇಲೆ ಬಂದು ಆ ಕುಣಿಕೆಯನ್ನು ಹಿಡಿಯಬೇಕು. ಕಣ್ಣು ಸ್ವಲ್ಪ ಮೇಲೆ ಕೆಳಗೆ ಆದರೆ ಮೊನೆ ಖಾಲಿ ಹೋಗುತ್ತದೆ. ಅದನ್ನೇ ನಾವು ‘ಹೊಲಿಗೆ ಬಿಟ್ಟಿತು’ ಅನ್ನುವುದು. ಸೂಜಿಯ ಉದ್ದನೆಯ ಗೆರೆ ದಾರ ಒಳಗೆ ಹೋಗುವ ಕಡೆಗೆ, ತಗ್ಗು ಶಟಲ್ಲಿನ ಕಡೆಗೆ ಇದೆಯೇ ಎಂದು ಉಗುರಿನಿಂದ ಮುಟ್ಟಿ ನೋಡಿ. ಗಿರಾಕಿಗಳು ತರುವ ತಕರಾರುಗಳಲ್ಲಿ ದೊಡ್ಡ ಪಾಲು ಇಲ್ಲಿಯೇ ಮುಗಿಯುತ್ತದೆ.

ಆಮೇಲೆ ದಾರ. ಸೂಜಿಯ ಮೇಲಿನ 110, 140 ಅಂಕಿಗಳು ಅದರ ದಪ್ಪ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. 110 ಅಂದರೆ 1.1 ಮಿಲಿಮೀಟರ್. ಅದಕ್ಕೆ 70 ಟೆಕ್ಸ್ ಆಸುಪಾಸಿನ ನೈಲಾನ್ ದಾರ ಹೊಂದುತ್ತದೆ, 140ಕ್ಕೆ 135 ಟೆಕ್ಸ್. ಸುಲಭದ ಪರೀಕ್ಷೆ ಒಂದಿದೆ: ಒಂದು ಮೊಳ ದಾರವನ್ನು ಸೂಜಿಯ ಕಣ್ಣಿಗೆ ಪೋಣಿಸಿ ಓರೆಯಾಗಿ ಬಿಗಿ ಹಿಡಿಯಿರಿ. ಸೂಜಿ ತಾನಾಗಿ ಜಾರಿ ಕೆಳಗೆ ಬಂದರೆ ಜೋಡಿ ಸರಿ, ನಡುವೆ ನಿಂತರೆ ದಾರ ದಪ್ಪ. ಹಳೆಯ 29ಕೆಯ ಬಾಬಿನ್ ಪುಟ್ಟದು, ಶಟಲ್ ನಾಜೂಕು. ಪ್ಯಾಚಿಂಗ್ ಮಷೀನಿನಲ್ಲಿ ಎತ್ತಿನ ಜತ್ತಿಗೆಯನ್ನು ಹಗ್ಗದಂಥ ದಾರದಿಂದ ಹೊಲಿಯಹೊರಟು ಯಂತ್ರವನ್ನು ಬಯ್ಯುವುದು ಅನ್ಯಾಯ. ಅದಕ್ಕೆ ಸಿಂಗರ್ 45ಕೆಯಂಥ ಭಾರೀ ಯಂತ್ರ ಬೇಕು, ಇಲ್ಲವೇ ಆರಿ ಹಿಡಿದು ಕೈಹೊಲಿಗೆಯೇ ಒಳ್ಳೆಯದು. ಟೆನ್ಶನ್ ಸರಿಪಡಿಸುವಾಗ ಎರಡು ದಾರಗಳ ಗಂಟು ಚರ್ಮದ ದಪ್ಪದ ನಡುವೆ ಮುಳುಗುವಂತೆ ನೋಡಿ. ಮೊದಲು ಚೂರು ಚರ್ಮದ ಮೇಲೆ ಹೊಲಿದು ನೋಡದೆ ಗಿರಾಕಿಯ ಮಾಲು ಮುಟ್ಟಬೇಡಿ. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ತೂತು ಕೂಡಿಕೊಳ್ಳುತ್ತದೆ. ಚರ್ಮಕ್ಕೆ ಬಿದ್ದ ತೂತು ಶಾಶ್ವತ.

ಮೂರನೆಯದು ಎಣ್ಣೆ. ಇದನ್ನು ಕಲಬುರಗಿಯವರಿಗೆ ವಿಶೇಷವಾಗಿ ಹೇಳಬೇಕು. ನಮ್ಮ ಅಡುಗೆಮನೆಯಲ್ಲಿ ಕುಸುಬಿ ಎಣ್ಣೆ ಇರುತ್ತದೆ. ಮಷೀನ್ ಬಿಗಿಯಾಯಿತೆಂದು ಎರಡು ಹನಿ ಅದನ್ನೇ ಬಿಡುತ್ತಾರೆ. ಆ ದಿನ ಸಲೀಸಾಗಿ ಓಡುತ್ತದೆ. ಆದರೆ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪದರಗಟ್ಟುವ ಜಾತಿಯದು, ಬಣ್ಣ ಮತ್ತು ವಾರ್ನಿಶ್ ತಯಾರಿಸಲು ಅದನ್ನು ಬಳಸುವುದೇ ಆ ಗುಣಕ್ಕಾಗಿ. ಅದರ ಜೊತೆ ಚರ್ಮದ ಪುಡಿ, ನಮ್ಮ ಬೇಸಿಗೆಯ ಧೂಳು ಸೇರಿದರೆ ಕೀಲುಗಳು ಸರೇಸು ಹಚ್ಚಿದಂತೆ ಕಚ್ಚಿಕೊಳ್ಳುತ್ತವೆ. “ಸವದೈತಿ, ಗುಜರಿಗೆ ಹಾಕ್ರಿ” ಅಂತ ತೀರ್ಪು ಕೊಟ್ಟ ಎಷ್ಟೋ ಯಂತ್ರಗಳು ಬರೀ ಒಣಗಿದ ಎಣ್ಣೆಯಿಂದ ನಿಂತಂಥವು. ಅಂಥವಕ್ಕೆ ಸೀಮೆಎಣ್ಣೆ ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಚಕ್ರವನ್ನು ಕೈಯಿಂದ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸಿ, ಮತ್ತೆ ನೆನೆಸಿ. ಸುತ್ತಿಗೆ ಬೇಡವೇ ಬೇಡ. ಎರಕದ ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಸೀಮೆಎಣ್ಣೆಯ ಕೆಲಸ ಮುಗಿದ ಮೇಲೆ ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನೇ ಬಿಡಬೇಕು. ಸೀಮೆಎಣ್ಣೆ ತೊಳೆಯಬಲ್ಲದು, ಕೀಲನ್ನು ಕಾಯಲಾರದು.

ಸೂಜಿ, ದಾರ, ಕೊಳೆ ಈ ಮೂರನ್ನೂ ದಾಟಿದ ಮೇಲೆ ಉಳಿಯುವುದು ನಿಜವಾದ ಸವೆತ. ಅಲ್ಲಿ ಮಿಸ್ತ್ರಿಯ ವಿದ್ಯೆ ಕಾಣುತ್ತದೆ. 29ಕೆಯ ಆ ಉದ್ದನೆಯ ಕೈಯೊಳಗೆ ಹಲ್ಲಿನ ಸರಳೊಂದು ಓಡಾಡಿ ತುದಿಯ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಪಿನಿಯನ್ ಶಟಲ್ಲನ್ನು ಆಡಿಸುತ್ತದೆ. ಸರಳು ಪ್ರತಿ ಹೊಲಿಗೆಗೂ ಅದೇ ನಾಲ್ಕಾರು ಹಲ್ಲುಗಳ ಮೇಲೆ ದುಡಿಯುವುದರಿಂದ ಅಷ್ಟೇ ಭಾಗ ತೆಳುವಾಗುತ್ತದೆ. ಚಕ್ರವನ್ನು ಒಂದಿಷ್ಟು ಹಿಂದೆ ಮುಂದೆ ಆಡಿಸಿ ಶಟಲ್ಲನ್ನು ನೋಡಿ. ಚಕ್ರ ಅಲುಗಿದರೂ ಶಟಲ್ ತಡೆದು ಚಲಿಸಿದರೆ ಹಲ್ಲು ಸವೆದಿದೆ. ಅಂಥ ಯಂತ್ರದ ಟೈಮಿಂಗ್ ಎಷ್ಟು ಸಲ ಕೂಡಿಸಿದರೂ ನಿಲ್ಲುವುದಿಲ್ಲ. ಹೊಲಿಗೆ ದಿನದಿನಕ್ಕೆ ಗಿಡ್ಡವಾಗುತ್ತಾ ಬಂದರೆ ದೋಷ ಮೇಲ್ಗಡೆ, ಪಾದವನ್ನು ನಡೆಸುವ ಮೊಣಕೈಯಂಥ ಲಿವರಿನ ತುದಿಯಲ್ಲಿ. ಅದನ್ನು ಬಿಚ್ಚಿ, ಸವೆದ ಜಾಗಕ್ಕೆ ಹಿತ್ತಾಳೆ ಬೆಸುಗೆ ತುಂಬಿ, ಅರದಿಂದ ಮೂಲ ಆಕಾರಕ್ಕೆ ತರಬಹುದು. ಸತ್ತ ಯಂತ್ರಕ್ಕೆ ಮತ್ತೆ ಉದ್ದನೆಯ ಹೆಜ್ಜೆ ಬರುತ್ತದೆ. ಈ ಕೆಲಸಕ್ಕೆ ಗಿರಾಕಿ ಕೊಡುವ ದುಡ್ಡು ಯಾವಾಗಲೂ ಕಡಿಮೆ. ಆದರೂ ನಾನು ಈ ಕೆಲಸವನ್ನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ.

ಸ್ಕ್ರೂಗಳ ಬಗ್ಗೆ ಒಂದೇ ಮಾತು. ಸಿಂಗರಿನ ಸ್ಕ್ರೂ ಎಳೆಗಳು ಆ ಕಂಪನಿಯ ಸ್ವಂತ ಲೆಕ್ಕದವು, ಬಜಾರಿನ ಸ್ಕ್ರೂ ಅವಕ್ಕೆ ಕೂಡುವುದಿಲ್ಲ. ತೂತು ದೊಡ್ಡದು ಮಾಡಿ ಹೊಸ ಎಳೆ ಕೊಯ್ದರೆ ಮುಂದಿನ ಮಿಸ್ತ್ರಿಯ ಕೈ ಕಟ್ಟಿದಂತೆ. ಇನ್ನು ಮೈಬಣ್ಣ: ಹೊಳಪು ಬರಲೆಂದು ಸ್ಪಿರಿಟ್ ಹಾಕಿ ಉಜ್ಜುತ್ತೀರಿ, ಚಿನ್ನದ ಬಣ್ಣದ ಹೂಬಳ್ಳಿಯ ಮೇಲಿನ ಅರಗಿನ ಲೇಪ ಕರಗಿ ಬಳ್ಳಿಯೂ ಬಟ್ಟೆಗೆ ಬಂದುಬಿಡುತ್ತದೆ. ಮಷೀನ್ ಎಣ್ಣೆಯಲ್ಲಿ ಒರೆಸಿ, ಸಾಕು. ಶೋಕೇಸಿನಲ್ಲಿಡಲು ಬಣ್ಣ ಬಳಿದು ಫಳಫಳ ಮಾಡುವುದನ್ನು ನಾನು ಜೀರ್ಣೋದ್ಧಾರ ಅನ್ನುವುದಿಲ್ಲ. ದೊಡ್ಡ ಊರಿನ ಹೋಟೆಲಿನ ಗೋಡೆಗೆ ಅಲಂಕಾರವಾಗಿ ಹೋಗುವ ಪ್ರತಿ ಪ್ಯಾಚಿಂಗ್ ಮಷೀನಿನ ಹಿಂದೆ ಒಂದು ಮನೆಯ ಅನ್ನದ ಪ್ರಶ್ನೆ ಇರುತ್ತದೆ. ಹೊಲಿಗೆ ಹಾಕುವಂತಾದರೆ ಮಾತ್ರ ಅದು ಉಳಿದಂತೆ.

ಸರ್ಕಾರದ ವಿಷಯಕ್ಕೆ ಬರುತ್ತೇನೆ. 1976ರಲ್ಲಿ ಹುಟ್ಟಿದ ಲಿಡ್ಕರ್ ನಿಗಮ ಚರ್ಮ ಕುಶಲಕರ್ಮಿಗಳಿಗೆಂದೇ ಇದೆ. 2023ರ ಸೆಪ್ಟೆಂಬರ್ 17ರಂದು, ನಮ್ಮ ಭಾಗದ ವಿಮೋಚನಾ ದಿನವೇ, ಪಿಎಂ ವಿಶ್ವಕರ್ಮ ಯೋಜನೆ ಬಂತು. ಅದರ 18 ಕಸುಬುಗಳಲ್ಲಿ ಚಮ್ಮಾರರಿದ್ದಾರೆ, ದರ್ಜಿಗಳಿದ್ದಾರೆ, ಬೀಗ ಮಾಡುವವರಿದ್ದಾರೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಒಳ್ಳೆಯದು. ಆದರೆ ಆ ಚಮ್ಮಾರನ ಯಂತ್ರವನ್ನೂ ದರ್ಜಿಯ ಯಂತ್ರವನ್ನೂ ಬದುಕಿಸುವ ಮಿಸ್ತ್ರಿ ಆ ಪಟ್ಟಿಯಲ್ಲಿ ಇಲ್ಲ. ಹೊಸ ಯಂತ್ರ ಕೊಳ್ಳಲು ಹಣ ಕೊಡುವ ವ್ಯವಸ್ಥೆ ಹಳೆಯದನ್ನು ದುರಸ್ತಿ ಮಾಡುವ ವಿದ್ಯೆಗೆ ಒಂದು ಹೆಸರನ್ನೂ ಕೊಟ್ಟಿಲ್ಲ. ಈ ಸಮಾವೇಶದ ಮೊದಲ ಬೇಡಿಕೆ ಇದೇ ಆಗಲಿ: ಹೊಲಿಗೆ ಯಂತ್ರ ದುರಸ್ತಿಯನ್ನು ಕಸುಬೆಂದು ಗುರುತಿಸಬೇಕು.

ಸರ್ಕಾರ ಕೊಡುವವರೆಗೆ ನಾವು ಕಾಯಬೇಕಿಲ್ಲ. ಪಿನಿಯನ್ ಬೇಕಾದರೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡುತ್ತೇವೆ. ಕಲಬುರಗಿಯಲ್ಲಿ ಲೇತ್ ನಡೆಸುವವರಿದ್ದಾರೆ, ಐಟಿಐಗಳಲ್ಲಿ ಫಿಟ್ಟರ್, ಟರ್ನರ್ ಕಲಿಯುವ ಹುಡುಗರಿದ್ದಾರೆ. ಅವರ ಕೈಗೆ ಸರಿಯಾದ ಅಳತೆಯ ನಕ್ಷೆ ಕೊಟ್ಟರೆ ಇಲ್ಲೇ ಆಗುವ ಕೆಲಸ. ಆ ಅಳತೆ ಎಲ್ಲಿದೆ? ಉಸ್ತಾದರ ಬೆರಳಿನಲ್ಲಿದೆ. ಅವರು ತೀರಿಕೊಂಡ ದಿನ ಅದೂ ಹೋಗುತ್ತದೆ. ನಮ್ಮ ಕೈಗೆ ಸಿಗುವ ಸಿಂಗರಿನ ಹಳೆಯ ಪುಸ್ತಿಕೆಗಳು ಇಂಗ್ಲಿಷಿನಲ್ಲಿವೆ, ನಮ್ಮ ಮಿಸ್ತ್ರಿಗಳು ದಖನಿ ಮತ್ತು ಕನ್ನಡ ಆಡುವವರು. ನಮ್ಮದೇ ಮಾತಿನಲ್ಲಿ, ಚಿತ್ರಗಳ ಸಮೇತ, ದೋಷ ಮತ್ತು ಪರಿಹಾರದ ಒಂದು ಕೈಪಿಡಿ ಬೇಕು. ಅದಕ್ಕೆ ಬೇಕಾದ ಮಾತು ಈ ಚಪ್ಪರದ ಕೆಳಗೇ ಇದೆ.

ನಮ್ಮ ಮಕ್ಕಳು ಈ ಕಸುಬು ಬೇಡ ಅನ್ನುತ್ತಾರೆ. ಅವರನ್ನು ನಾನು ದೂಷಿಸುವುದಿಲ್ಲ. ಚರ್ಮ ಮುಟ್ಟಿದ ಕೈಗೆ ಈ ಸಮಾಜ ನೀರನ್ನು ಮೇಲಿನಿಂದ ಹೊಯ್ದದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಯಾರ ಮಗನೂ ಹುಟ್ಟಿನ ಕಾರಣಕ್ಕೆ ಈ ಕೆಲಸಕ್ಕೆ ಕೂಡಬೇಕಿಲ್ಲ. ಹಾಗೆಯೇ ಯಾರ ಮಗಳಿಗಾದರೂ ಇದರಲ್ಲಿ ಆಸಕ್ತಿ ಬಂದರೆ ಅವಳಿಗೆ ಬಾಗಿಲು ತೆರೆದಿರಬೇಕು. ಮಿಲಿಮೀಟರಿನ ಲೆಕ್ಕದಲ್ಲಿ ಕುಣಿಕೆ ಹಿಡಿಯುವ ಈ ವಿದ್ಯೆ ಶುದ್ಧ ಎಂಜಿನಿಯರಿಂಗ್.

ಊಟದ ನಂತರ ಹಿಂದಿನ ಮೇಜುಗಳ ಮೇಲೆ ನೀವು ತಂದಿರುವ ಯಂತ್ರಗಳನ್ನು ಬಿಚ್ಚುತ್ತೇವೆ. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ ತೆಗೆಯಿರಿ, ಸ್ಕ್ರೂಗಳನ್ನು ಬೇರೆ ಬೇರೆ ಬಟ್ಟಲಿನಲ್ಲಿಡಿ. ಐಟಿಐ ತಮ್ಮಂದಿರು ಕ್ಯಾಲಿಪರ್ ತಂದಿದ್ದಾರೆ. ಹಿರಿಯರು ಪಕ್ಕದಲ್ಲಿ ಕೂತು ಹೇಳಿಕೊಡಿ, ಹುಡುಗರು ಬರೆದುಕೊಳ್ಳಲಿ. ಪಿನಿಯನ್ನಿನ ಹಲ್ಲುಗಳ ಎಣಿಕೆ, ಸರಳಿನ ಉದ್ದ, ಲಿವರಿನ ತುದಿಯ ಅಗಲ, ಇಷ್ಟಾದರೂ ಸಂಜೆಯೊಳಗೆ ಕಾಗದದ ಮೇಲೆ ಬರಬೇಕು.