ನಮ್ಮ ಚರಿತ್ರೆಯೂ ಪಾಠವಾಗಲಿ ಅಂತ ಕೇಳಿದವರು
(ಗಡಿನಾಡ ಕನ್ನಡ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)



ಕಾಸರಗೋಡು, ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ, ಆದೋನಿ, ಮಡಕಶಿರಾ ಕಡೆಯ ತಮ್ಮಂದಿರೇ, ತಂಗಿಯರೇ, ಇವತ್ತು ಅಮೆರಿಕದ ವಿಷಯ ಮಾತಾಡೋಣ. ವೀಸಾ, ಸಂಬಳದ ಮಾತಲ್ಲ. ಅಲ್ಲಿನ ಕಾಲೇಜುಗಳಲ್ಲಿ 'ಎಥ್ನಿಕ್ ಸ್ಟಡೀಸ್' ಅಂತ ಒಂದು ವಿಷಯ ಇದೆ. ಕಪ್ಪು ವರ್ಣೀಯರು, ಮೂಲನಿವಾಸಿಗಳು, ಮೆಕ್ಸಿಕೋ ಮೂಲದವರು, ಏಷ್ಯಾದಿಂದ ಹೋದವರು, ಇವರೆಲ್ಲರ ಚರಿತ್ರೆಯನ್ನು ಅವರ ಕಡೆಯಿಂದಲೇ ನೋಡಿ ಕಲಿಸುವ ವಿಷಯ ಅದು. ಅದನ್ನು ಯಾವ ಸರ್ಕಾರವೂ ತಾನಾಗಿ ಕೊಡಲಿಲ್ಲ. ನಿಮ್ಮ ವಯಸ್ಸಿನ ಹುಡುಗ ಹುಡುಗಿಯರು ಕೇಳಿ ಪಡೆದದ್ದು.

1968ರ ನವೆಂಬರ್ 6. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಘ ಮುಷ್ಕರ ಶುರು ಮಾಡಿತು. ಬೇರೆ ಬೇರೆ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಕೂಡಿ ಕಟ್ಟಿದ್ದ 'ಥರ್ಡ್ ವರ್ಲ್ಡ್ ಲಿಬರೇಶನ್ ಫ್ರಂಟ್' ಜೊತೆಗೆ ನಿಂತಿತು. ಒಟ್ಟು 15 ಬೇಡಿಕೆ. ಪಠ್ಯದಲ್ಲಿ ನಮ್ಮದೂ ಒಂದು ಅಧ್ಯಾಯ ಸೇರಿಸಿ ಅಂತ ಅವರು ಬೇಡಲಿಲ್ಲ. ಪಾಠ ಮಾಡೋರು ಯಾರು, ಪಠ್ಯ ತೀರ್ಮಾನಿಸೋರು ಯಾರು, ಕಾಲೇಜಿಗೆ ಸೀಟು ಸಿಗೋದು ಯಾರಿಗೆ? ಈ ಮೂರನ್ನೂ ಕೇಳಿದರು.

ಆಗ ಹಂಗಾಮಿ ಅಧ್ಯಕ್ಷರಾಗಿ ಬಂದವರು ಎಸ್. ಐ. ಹಯಕಾವ. ಭಾಷೆಯ ಬಗ್ಗೆ ಬರೆದು ಹೆಸರಾದ ವಿದ್ವಾಂಸರು, ಸ್ವತಃ ಜಪಾನಿ ತಂದೆತಾಯಿಯ ಮಗ. ಡಿಸೆಂಬರ್ 2ರಂದು ಅವರೇ ವಿದ್ಯಾರ್ಥಿಗಳ ಧ್ವನಿವರ್ಧಕದ ಲಾರಿ ಹತ್ತಿ ವೈರು ಕಿತ್ತುಹಾಕಿದರು. ನಮ್ಮವರೇ ಅಧಿಕಾರದಲ್ಲಿ ಕೂತರೆ ಎಲ್ಲ ಸರಿಹೋಗುತ್ತೆ ಅನ್ನೋ ಭ್ರಮೆ ಇರೋರು ಈ ಘಟನೆ ನೆನಪಿಟ್ಟುಕೊಳ್ಳಿ. ಪೊಲೀಸರು ಬಂದರು, ಲಾಠಿ ಬೀಸಿದರು, ನೂರಾರು ಮಂದಿ ಬಂಧನಕ್ಕೊಳಗಾದರು. 1969ರ ಮಾರ್ಚ್‌ನಲ್ಲಿ ಒಪ್ಪಂದ ಆಯಿತು. ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ಅದೇ ವರ್ಷ ಅಮೆರಿಕದ ಮೊಟ್ಟಮೊದಲ ಎಥ್ನಿಕ್ ಸ್ಟಡೀಸ್ ಶಾಲೆ ಆ ಕಾಲೇಜಿನಲ್ಲೇ ಶುರುವಾಯಿತು.

ಸರಿ, ಆ ತರಗತಿಯಲ್ಲಿ ಏನು ಕಲೀತಾರೆ? ನಮಗೆ ಹತ್ತಿರವಾದ ಮೂರು ಪಾಠ ಹೇಳ್ತೇವೆ.

ಮೊದಲನೆಯದು, ಜನಾಂಗ ಅನ್ನೋದನ್ನು ಪೆನ್ನು ಹಿಡಿದವರು ಬರೀತಾರೆ. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗಿನ ಕಾನೂನಿನಲ್ಲಿ ವಲಸೆ ಬಂದವರ ಪೈಕಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಥಿಂಡ್ 'ಬಿಳಿಯ' ಅಲ್ಲ ಅಂತ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1930ರ ಜನಗಣತಿಯಲ್ಲಿ ಭಾರತೀಯರಿಗೆ 'ಹಿಂದೂ' ಅನ್ನೋ ಜನಾಂಗದ ಕಾಲಂ. ಸಿಖ್ಖರೂ ಮುಸಲ್ಮಾನರೂ ಅದರೊಳಗೇ. 1970ರಲ್ಲಿ ಅದೇ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಹಾಕಿದರು. 1980ರಲ್ಲಿ 'ಏಷ್ಯನ್ ಇಂಡಿಯನ್' ಅಂತ ಹೊಸ ಹೆಸರು. ಮೈಬಣ್ಣ ಬದಲಾಗಲಿಲ್ಲ, ಫಾರ್ಮು ಬದಲಾಯಿತು. ಜನಗಣತಿಯವರು ಮನೆಗೆ ಬಂದಾಗ ಮಾತೃಭಾಷೆಯ ಕಾಲಂನಲ್ಲಿ ಏನು ಬರೆದರು ಅಂತ ನೋಡಿ ಅಂತ ನಾವು ಗೋಗರೆಯುವುದು ಇದಕ್ಕೇ.

ಎರಡನೆಯದು ಗಡಿಯ ಪಾಠ. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ಉತ್ತರದ ಬಹುದೊಡ್ಡ ಪ್ರದೇಶವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದವರು ಮನೆ ಬಿಟ್ಟು ಕದಲದೆ ಬೇರೆ ದೇಶದವರಾದರು. ಗಡಿ ದಾಟಿದ್ದು ನಾವಲ್ಲ, ಗಡಿಯೇ ನಮ್ಮನ್ನು ದಾಟಿತು ಅಂತ ಅವರ ಮೊಮ್ಮಕ್ಕಳು ಈಗಲೂ ಹೇಳ್ತಾರೆ. 1956ರ ನವೆಂಬರ್ 1ರ ಕಥೆ ಅಜ್ಜನ ಬಾಯಲ್ಲಿ ಕೇಳಿ ಬೆಳೆದ ಕಾಸರಗೋಡಿನ ಹುಡುಗರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು, ಎಲ್ಲರಿಗೂ ಒಂದೇ ಥರ ಕೊಟ್ಟರೆ ಸಮಾನತೆ ಆಗೋದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳನ್ನು ಸುಮ್ಮನೆ ಕೂರಿಸಿ ಪಾಠ ಮಾಡುತ್ತಿದ್ದರು. 1974ರ ಲಾವ್ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಮಗುವಿಗೆ ಭಾಷೆಯೇ ಅರ್ಥವಾಗದಿದ್ದರೆ ಅದೇ ಕಟ್ಟಡ, ಅದೇ ಪುಸ್ತಕ, ಅದೇ ಮೇಷ್ಟ್ರು ಕೊಟ್ಟರೂ ಅದು ಸಮಾನ ಶಿಕ್ಷಣವಲ್ಲ. ಆದರೆ ಚೀನೀ ಭಾಷೆಯಲ್ಲೇ ಕಲಿಸಿ ಅಂತ ಕೋರ್ಟ್ ಹೇಳಲಿಲ್ಲ. ನಮ್ಮ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸುವ ಸೌಲಭ್ಯದ ಮಾತಾಡುತ್ತೆ. ಕಾಗದದ ಮೇಲೆ ನಮ್ಮ ಹಕ್ಕೇ ದೊಡ್ಡದು! ಕನ್ನಡ ಬಾರದ ಮೇಷ್ಟ್ರನ್ನು ಕನ್ನಡ ಶಾಲೆಗೆ ಹಾಕಿದಾಗ ಈ ಎರಡನ್ನೂ ಒಟ್ಟಿಗೆ ಹಿಡಿದು ಮಾತಾಡಿ.

ಇಂಥ ಪಾಠದಿಂದ ಸಮಾಜ ಒಡೆಯುತ್ತೆ ಅನ್ನೋರು ಅಲ್ಲೂ ಇದ್ದಾರೆ. ಅರಿಝೋನಾ ರಾಜ್ಯ 2010ರಲ್ಲಿ ಕಾನೂನನ್ನೇ ತಂದಿತು. ಟೂಸಾನ್ ಊರಿನ ಶಾಲೆಗಳಲ್ಲಿ ನಡೆಯುತ್ತಿದ್ದ ಮೆಕ್ಸಿಕನ್ ಅಮೆರಿಕನ್ ಅಧ್ಯಯನ 2012ರಲ್ಲಿ ನಿಂತಿತು. ವಿದ್ಯಾರ್ಥಿಗಳ ಕಡೆಯವರು ಕೋರ್ಟಿನಲ್ಲಿ ಹೋರಾಡಿದರು. ಆ ಕ್ರಮದ ಹಿಂದೆ ಜನಾಂಗ ದ್ವೇಷ ಇತ್ತು ಅಂತ 2017ರಲ್ಲಿ ತೀರ್ಪು ಬಂತು. ತೀರ್ಪು ಬರೆದ ನ್ಯಾಯಾಧೀಶ ತಾಶಿಮಾ, ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಶಿಬಿರದಲ್ಲಿ ಬಾಲ್ಯ ಕಳೆದವರು.

ಒಂದು ಎಚ್ಚರ. ಗುಲಾಮಗಿರಿ ಉಂಡವರ ನೋವನ್ನೂ ನಮ್ಮ ಭಾಷೆಯ ಸಂಕಟವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಇನ್ನೊಂದು ಭಾಷೆಯನ್ನು ಕಲಿಯಬಹುದು, ಚರ್ಮ ಕಳಚಿಡಲು ಆಗೋದಿಲ್ಲ. ಮತ್ತೆ, ನಮ್ಮೊಳಗೂ ತುಳುವರು, ಬ್ಯಾರಿಗಳು, ಕೊರಗರು, ಬಡಗರು, ಲಂಬಾಣಿಗರು ಇದ್ದಾರೆ. ನಮಗಾಗಿ ಕೇಳುವ ನ್ಯಾಯ ಅವರಿಗೂ ಸಲ್ಲದಿದ್ದರೆ ನಮ್ಮ ಕೇಳಿಕೆಗೆ ಬೆಲೆ ಇಲ್ಲ.

ಆ ಹುಡುಗರು ಗೆದ್ದದ್ದು ಒಬ್ಬರಿಗೊಬ್ಬರು ನಿಂತದ್ದರಿಂದ. ನಮ್ಮಲ್ಲೋ, ಮಂಜೇಶ್ವರದವನಿಗೆ ಜತ್ತ ಗೊತ್ತಿಲ್ಲ, ರಾಯದುರ್ಗದವಳಿಗೆ ತಾಳವಾಡಿ ಗೊತ್ತಿಲ್ಲ. ಬಿ.ಎ., ಎಂ.ಎ. ಓದ್ತಿರೋರು ಪ್ರಾಜೆಕ್ಟಿಗೆ ನಿಮ್ಮ ತಾಲೂಕನ್ನೇ ಆರಿಸಿಕೊಳ್ಳಿ. ಕನ್ನಡದಲ್ಲಿರುವ ಹಳೇ ಭೂದಾಖಲೆ, ಶಾಲೆಯ ದಾಖಲಾತಿ ಪುಸ್ತಕ, 1956 ಕಂಡ ಹಿರಿಯರ ಮಾತು, ಎಲ್ಲವನ್ನೂ ದಾಖಲಿಸಿ. ಬೇರೆ ಗಡಿ ತಾಲೂಕಿನ ಒಬ್ಬ ವಿದ್ಯಾರ್ಥಿಯ ಜೊತೆ ಹಂಚಿಕೊಳ್ಳಿ. ಆ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ಈ ಕೆಲಸ ಮುಂದಿನ ವರ್ಷಕ್ಕೆ ಅಂತ ಇಡಬೇಡಿ.